ಕೋಲಾರ ಸೀಮೆಯಲ್ಲಿ ಪರದೇಶದ ಮಿಷನ್ ಸೇವೆ



ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನಲ್ಲಿ ಶಿವಾರಪಟ್ಟಣವೆಂಬ ಗ್ರಾಮವಿದೆ. ತಮ್ಮಲ್ಲಿ ಅನೇಕರು ಅದರ ಹೆಸರನ್ನು ಕೇಳಿರಬಹುದು. ಕೆಲವರು ಅಲ್ಲಿಂದ ವಿಗ್ರಹಗಳನ್ನು ಮಾಡಿಸಿ ತರಿಸಿಕೊಂಡಿರಲೂಬಹುದು. ಆ ಊರಿನ ಬೀದಿಯಲ್ಲಿ ಕಾಲಿಟ್ಟವನ ಕಿವಿಗೆ ಮೊದಲು ಬೀಳುವುದು ಉಳಿಯ ಸದ್ದು. ಅಲ್ಲಿ ಕಡೆದ ಮೂರ್ತಿಗಳು ನಮ್ಮ ನಾಡಿನ ಎಷ್ಟೋ ಗುಡಿಗಳಿಗೆ ಹೋಗಿವೆ. ಸಮುದ್ರದಾಚೆ ನೆಲಸಿರುವ ನಮ್ಮವರು ಕಟ್ಟಿಕೊಂಡ ದೇವಾಲಯಗಳಿಗೂ ಹೋಗಿವೆ. ಕಲ್ಲು ಬೇರೆಡೆಯಿಂದಲೂ ಬರುವುದುಂಟು, ಕೊಳ್ಳುವವರು ಹೊರಗಿನವರು, ಹಣವೂ ಹೊರಗಿನದು. ಆದರೆ ಕೈ ಮಾತ್ರ ಊರಿನದು. ಹಿರಿಯನ ಮಗ್ಗುಲಲ್ಲಿ ಕುಳಿತು ಕಲ್ಲಿನ ಚಕ್ಕೆ ತೆಗೆಯುತ್ತ ತೆಗೆಯುತ್ತ ಹುಡುಗನು ಶಿಲ್ಪಿಯಾಗುತ್ತಾನೆ. ಹಾಗೆ ಆಗುತ್ತ ಬಂದುದರಿಂದಲೇ ಆ ಕಸುಬು ಇಂದಿಗೂ ಅಲ್ಲಿ ಉಳಿದಿದೆ.

ಇಂದಿನ ಭಾಷಣದ ವಿಷಯ ಶಿಲ್ಪವಲ್ಲ. ಅದೇ ಸೀಮೆಗೆ ಸಮುದ್ರದಾಚೆಯಿಂದ ಬಂದ ಇನ್ನೊಂದು ಬಗೆಯ ಕೆಲಸವನ್ನು ಕುರಿತು, ಎಂದರೆ ಬಡವರ ಸೇವೆಗೆಂದು ಬಂದ ಕ್ರೈಸ್ತ ಮಿಷನ್ನುಗಳನ್ನು ಕುರಿತು, ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇನೆ. ಆದರೂ ಶಿವಾರಪಟ್ಟಣವನ್ನು ಮೊದಲು ನೆನೆದುದಕ್ಕೆ ಕಾರಣವಿದೆ. ಒಂದು ಕೆಲಸವು ಒಂದು ಊರಿನದಾಗುವುದು ಯಾವಾಗ ಎಂಬ ಪ್ರಶ್ನೆಗೆ ಆ ಊರಿನ ಬೀದಿಯಲ್ಲಿಯೇ ಉತ್ತರ ದೊರೆಯುತ್ತದೆ. ಪರದೇಶದ ಸೇವೆಯನ್ನು ಅಳೆಯುವುದಕ್ಕೂ ಅದೇ ಪ್ರಶ್ನೆ ಸಾಕೆಂದು ನನ್ನ ಅಭಿಪ್ರಾಯ.

ಮಿಷನ್ ಎಂಬ ಮಾತಿಗೆ ಕಳುಹಿಸುವಿಕೆ ಎಂದು ಅರ್ಥ. ಕಳುಹಿಸುವವರು ಒಬ್ಬರು, ಹೋಗುವವರು ಒಬ್ಬರು, ಹೋದವರನ್ನು ಬರಮಾಡಿಕೊಳ್ಳುವವರು ಮತ್ತೊಬ್ಬರು. ಹೀಗೆ ಈ ವ್ಯವಹಾರದಲ್ಲಿ ಮೂರು ಪಕ್ಷಗಳಿವೆ. ಮಿಷನ್ನಿನ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಮೊದಲಿನ ಇಬ್ಬರನ್ನು ಕುರಿತೇ ಹೇಳುತ್ತಾರೆ: ಇಂಥವರು ಹಣ ಕೊಟ್ಟರು, ಇಂಥವರು ಕಡಲು ದಾಟಿ ಬಂದರು, ಕಷ್ಟಪಟ್ಟರು, ಸತ್ತರು. ಮೂರನೆಯ ಪಕ್ಷದವರು, ಎಂದರೆ ಸೇವೆಯನ್ನು ಪಡೆದ ಜನ, ಆ ಕಥೆಯಲ್ಲಿ ಹೆಸರಿಲ್ಲದ ಗುಂಪಾಗಿ ನಿಂತುಬಿಡುತ್ತಾರೆ. ಈ ಹೊತ್ತು ನಾವು ಅವರ ಕಡೆ ನಿಂತು ನೋಡೋಣ.

ಕೋಲಾರದ ಕಥೆ ಹಸಿವಿನಿಂದ ಮೊದಲಾಗುತ್ತದೆ. ನಮ್ಮ ಹಿರಿಯರು ಧಾತು ಈಶ್ವರದ ಬರವೆಂದು ಕರೆಯುತ್ತಿದ್ದ ಮಹಾಕ್ಷಾಮವು ಮೈಸೂರು ಸೀಮೆಯನ್ನು ೧೮೭೬ರಿಂದ ೧೮೭೮ರವರೆಗೆ ಸುಟ್ಟಿತು. ಧಾತು, ಈಶ್ವರ ಎಂಬವು ಆ ಎರಡು ಸಂವತ್ಸರಗಳ ಹೆಸರುಗಳು. ಆಗ ಸಂಸ್ಥಾನವು ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. ಅರಸರಿಗೆ ಹಿಂದಕ್ಕೆ ಬಂದುದು ೧೮೮೧ರಲ್ಲಿ. ೧೮೭೧ರ ಖಾನೇಷುಮಾರಿಯಲ್ಲಿ ಸಂಸ್ಥಾನದ ಜನಸಂಖ್ಯೆ ೫೦,೫೫,೪೧೨ ಎಂದು ಲೆಕ್ಕವಾಗಿತ್ತು. ಹತ್ತು ವರ್ಷಗಳಾದ ಮೇಲೆ, ೧೮೮೧ರಲ್ಲಿ, ಅದು ೪೧,೮೬,೧೮೮ಕ್ಕೆ ಇಳಿದಿತ್ತು. ಹತ್ತು ವರ್ಷಗಳಲ್ಲಿ ಹೆಚ್ಚಬೇಕಾಗಿದ್ದ ಜನ ಹೆಚ್ಚು ಕಡಮೆ ಎಂಟು ಮುಕ್ಕಾಲು ಲಕ್ಷದಷ್ಟು ಕುಗ್ಗಿದರೆಂದ ಮೇಲೆ ಆ ಬರದ ಭೀಕರತೆಯನ್ನು ಬೇರೆ ಮಾತಿನಲ್ಲಿ ವರ್ಣಿಸಬೇಕಾಗಿಲ್ಲ.

ಕೋಲಾರ ಸೀಮೆಗೆ ದೊಡ್ಡ ನದಿಯ ನೀರಿನ ಆಸರೆಯಿಲ್ಲ. ಅಲ್ಲಿನ ಬದುಕು ಕೆರೆಗಳ ಮೇಲೆ ನಿಂತದ್ದು. ಒಂದು ಕೆರೆ ತುಂಬಿ ಕೋಡಿ ಹರಿದರೆ ಕೆಳಗಿನ ಕೆರೆಗೆ ನೀರು. ಮಳೆಯು ಮೇಲಿಂದ ಮೇಲೆ ತಪ್ಪಿದಾಗ ಮೇಲಿನ ಕೆರೆಯೂ ಒಣಗಿತು, ಕೆಳಗಿನದೂ ಒಣಗಿತು. ಹಗೇವಿನಲ್ಲಿ ಕೂಡಿಟ್ಟ ರಾಗಿ ಮುಗಿಯಿತು. ದನಗಳು ಸತ್ತುವು. ಮಾಲೂರಿನ ಮೇಲೆ ಹಾದುಹೋಗುವ ರೈಲು ದಾರಿಯು ಅದಾಗಲೇ ಇತ್ತು. ಮದರಾಸಿನ ಕಡೆಯಿಂದ ಧಾನ್ಯವೂ ಬರುತ್ತಿತ್ತು. ಆದರೆ ಕೊಳ್ಳುವುದಕ್ಕೆ ಕೂಲಿಯವನ ಕೈಯಲ್ಲಿ ಕಾಸಿರಲಿಲ್ಲ. ಧಾನ್ಯದ ಅಭಾವದಷ್ಟೇ ಹಣದ ಅಭಾವವೂ ಜನರನ್ನು ಕೊಂದಿತೆಂಬುದನ್ನು ನಾವು ಮರೆಯಬಾರದು. ಸರ್ಕಾರದವರು ಗಂಜಿಯ ಕೇಂದ್ರಗಳನ್ನೂ ಕಾಮಗಾರಿಗಳನ್ನೂ ತೆರೆದರು. ಲಂಡನ್ ನಗರದ ಮೇಯರು ೧೮೭೭ರಲ್ಲಿ ಸಹಾಯನಿಧಿಯನ್ನು ತೆರೆಯಲು ಲಕ್ಷಾಂತರ ಪೌಂಡು ಕೂಡಿತು. ಇಷ್ಟಾದರೂ ದಾರಿಬದಿಯಲ್ಲಿ ತಾಯಿತಂದೆಗಳನ್ನು ಕಳೆದುಕೊಂಡ ಮಕ್ಕಳು ಉಳಿದರು. ಅವರಿಗೆ ಗಂಜಿಯೊಂದೇ ಸಾಲದು. ಗಂಜಿಯ ಕೇಂದ್ರ ಮುಚ್ಚಿದ ಮೇಲೆ ಅವರು ಎಲ್ಲಿಗೆ ಹೋಗಬೇಕು?

ಈ ಪ್ರಶ್ನೆಗೆ ಕೋಲಾರದಲ್ಲಿ ಉತ್ತರ ಕೊಟ್ಟವರು ಲೂಯಿಸಾ ಆನ್ಸ್ಟೆ ಎಂಬ ಇಂಗ್ಲಿಷ್ ಮಹಿಳೆ. ಆಕೆ ಮೊದಲು ಲಂಡನ್ ಮಿಷನ್ನಿನ ಪರವಾಗಿ ಬೆಂಗಳೂರಿನಲ್ಲಿ ಕೆಲಸಮಾಡಿ, ಆಮೇಲೆ ಕೋಲಾರದಲ್ಲಿ ನೆಲಸಿದವರು. ಕ್ಷಾಮ ಬಂದಾಗ ಆಕೆಯ ಅನಾಥಾಲಯದ ಬಾಗಿಲಿಗೆ ಮಕ್ಕಳು ನೂರಾರು ಸಂಖ್ಯೆಯಲ್ಲಿ ಬಂದರು. ಅವರ ಹಸಿವನ್ನು ತಣಿಸುವುದು ಒಂದು ಕೆಲಸ. ಹಸಿವಿನಿಂದ ಬಂದ ರೋಗಗಳಿಂದ ಉಳಿಸುವುದು ಇನ್ನೊಂದು. ಉಳಿದವರನ್ನು ಬೆಳೆಸಿ ಸ್ವಂತ ಕಾಲ ಮೇಲೆ ನಿಲ್ಲಿಸುವುದು ಎಲ್ಲಕ್ಕಿಂತಲೂ ದೀರ್ಘವಾದ ಕೆಲಸ. ಮೊದಲನೆಯದಕ್ಕೆ ಕೆಲವು ತಿಂಗಳು ಸಾಕು. ಮೂರನೆಯದಕ್ಕೆ ಹದಿನೈದು ವರ್ಷ ಬೇಕು. ಐದು ವರ್ಷದ ಮಗುವನ್ನು ಬರದ ಬೀದಿಯಿಂದ ಎತ್ತಿಕೊಂಡವರು ಆ ಮಗುವಿನ ಮದುವೆಯವರೆಗೆ ಲೆಕ್ಕ ಹಾಕಬೇಕಾಗುತ್ತದೆ. ಕೋಲಾರದಲ್ಲಿ ನಡೆದುದು ಇದೇ. ಮಕ್ಕಳಿಗೆ ಅಕ್ಷರವನ್ನೂ ಕೈಕಸುಬನ್ನೂ ಕಲಿಸಿ, ಬೆಳೆದವರು ಬೇಸಾಯ ಮಾಡಿಕೊಂಡು ಸಂಸಾರ ಹೂಡುವಂತೆ ಹೊಸ ಹಳ್ಳಿಗಳನ್ನೇ ಏರ್ಪಡಿಸಬೇಕಾಯಿತು. ಒಬ್ಬಾಕೆಯ ಶಕ್ತಿಗೆ ಮೀರಿದ ಈ ಭಾರವನ್ನು ೧೮೯೦ರಲ್ಲಿ ಅಮೆರಿಕಾ ದೇಶದ ಮೆಥಡಿಸ್ಟ್ ಎಪಿಸ್ಕೋಪಲ್ ಮಿಷನ್ನಿನವರು ವಹಿಸಿಕೊಂಡರು.

ಇಲ್ಲಿ ಸತ್ಯವನ್ನು ಅರ್ಧ ಹೇಳಿ ಸುಮ್ಮನಾಗುವುದು ಸರಿಯಲ್ಲ. ಆ ಮಕ್ಕಳು ಕ್ರೈಸ್ತರಾಗಿ ಬೆಳೆದರು. ಹಸಿದ ಮಗು ಮತವನ್ನು ಆರಿಸಿಕೊಳ್ಳಬಲ್ಲುದೇ ಎಂಬ ಪ್ರಶ್ನೆಯನ್ನು ಅಂದಿನಿಂದ ಇಂದಿನವರೆಗೂ ಜನ ಕೇಳುತ್ತಲೇ ಬಂದಿದ್ದಾರೆ. ಅದು ನ್ಯಾಯವಾದ ಪ್ರಶ್ನೆ. ಅದಕ್ಕೆ ಎದುರಾಗಿ, ಆ ಬೀದಿಯಲ್ಲಿ ಆ ದಿನ ಆ ಮಗುವನ್ನು ಎತ್ತಿಕೊಳ್ಳಲು ಬೇರೆ ಯಾರು ಬಂದಿದ್ದರು ಎಂಬ ಇನ್ನೊಂದು ಪ್ರಶ್ನೆಯೂ ಇದೆ, ಅದೂ ನ್ಯಾಯವಾದುದೇ. ಮೊದಲನೆಯ ಪ್ರಶ್ನೆಯನ್ನು ಕೇಳುವವನು ಎರಡನೆಯದಕ್ಕೆ ಉತ್ತರ ಹೇಳಬೇಕು. ಎರಡನೆಯದನ್ನು ಕೇಳುವವನು ಮೊದಲನೆಯದನ್ನು ಮರೆಯಕೂಡದು. ಒಂದರಿಂದ ಇನ್ನೊಂದನ್ನು ಹೊಡೆದುಹಾಕಲು ಬರುವುದಿಲ್ಲ.

ಅನಾಥಾಲಯದ ಹುಡುಗರಿಗೆ ಕಸುಬು ಬೇಕಾದುದರಿಂದ ಕೋಲಾರದಲ್ಲಿ ಮಿಷನ್ನಿನ ಕೈಗಾರಿಕಾ ಶಾಲೆಯೊಂದು ಬೆಳೆಯಿತು. ಬಡಗಿ ಕೆಲಸ, ಕಮ್ಮಾರ ಕೆಲಸ ಮೊದಲಾದುವನ್ನು ಅಲ್ಲಿ ಕಲಿಸುತ್ತಿದ್ದರು. ಆ ಕಾರ್ಯಶಾಲೆಯಿಂದ ಹೊರಬಂದ ಒಂದು ವಸ್ತುವಿನ ಹೆಸರು ಮೈಸೂರು ಸೀಮೆಯ ರೈತರ ಬಾಯಿಗೂ ಬಂದಿತು. ಅದು ಕೋಲಾರ ಮಿಷನ್ ನೇಗಿಲು. ನಮ್ಮ ಮರದ ನೇಗಿಲು ಮಣ್ಣನ್ನು ಸೀಳುತ್ತದೆಯೇ ಹೊರತು ಮಗುಚುವುದಿಲ್ಲ. ಈ ಕಬ್ಬಿಣದ ನೇಗಿಲು ಮಣ್ಣನ್ನು ಮಗುಚಿ ಕಳೆಯನ್ನೂ ಕೂಳೆಯನ್ನೂ ಅಡಿಗೆ ಹಾಕುತ್ತಿತ್ತು. ಸಂಸ್ಥಾನದ ವ್ಯವಸಾಯದ ಇಲಾಖೆಯವರು ಇದರ ಬಳಕೆಯನ್ನು ರೈತರಿಗೆ ತೋರಿಸಿಕೊಟ್ಟರು. ಇದರಲ್ಲಿ ಗಮನಿಸಬೇಕಾದ ಅಂಶ ಇಷ್ಟೆ: ಆ ನೇಗಿಲನ್ನು ಕೊಂಡ ರೈತನಿಗೆ ಅದು ಭಿಕ್ಷೆಯಾಗಿರಲಿಲ್ಲ. ಅವನು ಕಾಸು ಕೊಟ್ಟು ಕೊಂಡನು, ಉಪಯೋಗವಿದ್ದರೆ ಇಟ್ಟುಕೊಂಡನು. ಅವನು ಕ್ರೈಸ್ತನಾಗಬೇಕಾಗಿರಲಿಲ್ಲ, ಯಾರಿಗೂ ಕೃತಜ್ಞನಾಗಿ ನಿಲ್ಲಬೇಕಾಗಿರಲಿಲ್ಲ. ಅದನ್ನು ಮಾಡುತ್ತಿದ್ದ ಕೈಗಳೂ ಈ ಸೀಮೆಯವೇ ಆಗಿದ್ದುವು.

ಇನ್ನು ವೈದ್ಯದ ವಿಷಯಕ್ಕೆ ಬರೋಣ. ಕೋಲಾರದ ಆಸ್ಪತ್ರೆಯ ಮೂಲವನ್ನು ಹುಡುಕಬೇಕಾದರೆ ಅಮೆರಿಕಾ ದೇಶದ ಬಾಸ್ಟನ್ ನಗರಕ್ಕೆ ಹೋಗಬೇಕು. ೧೮೬೯ನೆಯ ಇಸವಿಯಲ್ಲಿ ಅಲ್ಲಿ ಮೆಥಡಿಸ್ಟ್ ಪಂಥದ ಕೆಲವೇ ಮಂದಿ ಹೆಂಗಸರು ಸೇರಿ, ಪರದೇಶಗಳಲ್ಲಿ ಹೆಂಗಸರಿಗಾಗಿ ಹೆಂಗಸರೇ ನಡಸುವ ಒಂದು ಸಂಘವನ್ನು ಸ್ಥಾಪಿಸಿದರು. ಆ ಸಂಘಕ್ಕೆ ದೊಡ್ಡ ಬಂಡವಾಳವಿರಲಿಲ್ಲ. ಸದಸ್ಯಳಾದವಳು ವಾರಕ್ಕೆ ಎರಡು ಸೆಂಟುಗಳನ್ನು ಮನೆಯ ಖರ್ಚಿನಲ್ಲಿ ಉಳಿಸಿ ಕೊಡಬೇಕೆಂಬುದೇ ಅವರು ಕಂಡುಕೊಂಡ ಉಪಾಯ. ನಮ್ಮ ಮನೆಗಳಲ್ಲಿ ಒಲೆಗೆ ಮುನ್ನ ಮುಷ್ಟಿ ಅಕ್ಕಿ ತೆಗೆದಿಡುವ ಪದ್ಧತಿಯನ್ನು ಬಲ್ಲವರಿಗೆ ಈ ಉಪಾಯ ಹೊಸದಾಗಿ ಕಾಣದು. ಹೀಗೆ ಕೂಡಿದ ಹಣದಿಂದ ಅವರು ಮೊದಲು ಕಳುಹಿಸಿದ ಇಬ್ಬರು ೧೮೭೦ರಲ್ಲಿ ಹಿಂದೂಸ್ಥಾನಕ್ಕೆ ಬಂದು ಇಳಿದರು. ಒಬ್ಬರು ಇಸಬೆಲ್ಲಾ ಥೋಬರ್ನ್. ಲಕ್ನೋ ನಗರದಲ್ಲಿ ಆಕೆ ಆರು ಮಂದಿ ಹುಡುಗಿಯರಿಂದ ಮೊದಲುಮಾಡಿದ ಪಾಠಶಾಲೆ ಮುಂದೆ ಆಕೆಯ ಹೆಸರಿನ ಮಹಿಳಾ ಕಾಲೇಜಾಯಿತು. ಇನ್ನೊಬ್ಬರು ಡಾಕ್ಟರ್ ಕ್ಲಾರಾ ಸ್ವೇನ್. ಬರೇಲಿಯಲ್ಲಿ ನೆಲಸಿದ ಆಕೆಗೆ ರಾಮಪುರದ ನವಾಬರು ಸ್ಥಳವನ್ನು ದಾನಮಾಡಲು, ೧೮೭೪ರಲ್ಲಿ ಅಲ್ಲಿ ಹೆಂಗಸರ ಆಸ್ಪತ್ರೆ ತೆರೆಯಿತು. ಮುಸಲ್ಮಾನ ನವಾಬನ ಭೂಮಿ, ಅಮೆರಿಕೆಯ ಗೃಹಿಣಿಯರ ಬಿಡಿಕಾಸು, ಎರಡೂ ಸೇರಿ ಆದ ಕೆಲಸವದು.

ಇಸಬೆಲ್ಲಾ ಥೋಬರ್ನ್ ಅವರ ಸೋದರಿ ಎಲೆನ್ ಥೋಬರ್ನ್ ಕೋವೆನ್. ಈಕೆ ಸಿನ್ಸಿನ್ನಾಟಿ ನಗರದಲ್ಲಿದ್ದು ಅದೇ ಸಂಘದ ಅಲ್ಲಿನ ಶಾಖೆಯ ಕಾರ್ಯದರ್ಶಿಯಾಗಿದ್ದವರು. ಈಕೆಯ ಸ್ಮಾರಕವಾಗಿ ಕೋಲಾರದ ಮಿಷನ್ ಆಸ್ಪತ್ರೆಗೆ ಹೆಸರಿಟ್ಟರು. ೧೯೧೦ರಲ್ಲಿ ಸ್ಥಾಪಿತವಾದ ಆ ಆಸ್ಪತ್ರೆಯನ್ನು ಕೋಲಾರದ ಜನ ಇಂದಿಗೂ ಇ.ಟಿ.ಸಿ.ಎಂ. ಆಸ್ಪತ್ರೆಯೆಂದು ಕರೆಯುತ್ತಾರೆ. ಆ ಅಕ್ಷರಗಳ ಹಿಂದೆ ಒಬ್ಬ ಹೆಂಗಸಿನ ಹೆಸರಿದೆಯೆಂದು ಬಲ್ಲವರು ಅಲ್ಲಿಯೂ ವಿರಳವಾಗಿರಬಹುದು.

ಹೆಂಗಸರಿಗೆ ಹೆಂಗಸರೇ ವೈದ್ಯರಾಗಬೇಕೆಂಬ ಹಟ ಏಕೆ ಎಂದು ಇಂದಿನವರು ಕೇಳಬಹುದು. ಆ ಕಾಲದಲ್ಲಿ ಮರ್ಯಾದಸ್ಥರ ಮನೆಯ ಹೆಂಗಸು, ಹಿಂದೂವಾಗಲಿ ಮುಸಲ್ಮಾನಳಾಗಲಿ, ಗಂಡಸಾದ ವೈದ್ಯನಿಗೆ ಮೈ ತೋರಿಸುವುದಕ್ಕಿಂತ ಸಾಯುವುದೇ ಮೇಲೆಂದು ತಿಳಿಯುತ್ತಿದ್ದಳು. ಅವಳು ಹಾಗೆ ತಿಳಿಯದಿದ್ದರೂ ಮನೆಯವರು ತಿಳಿಯುತ್ತಿದ್ದರು. ಹಳ್ಳಿಯ ಸೂಲಗಿತ್ತಿಯ ಕೈ ಪಳಗಿದ ಕೈಯೇ. ಸಹಜವಾದ ಹೆರಿಗೆಯಲ್ಲಿ ಅವಳನ್ನು ಮೀರಿದವರಿಲ್ಲ. ಆದರೆ ಮಗು ಅಡ್ಡಲಾಗಿದ್ದರೆ, ಹೆರಿಗೆಯ ಬೇನೆ ಎರಡು ದಿನ ಮೂರು ದಿನ ಎಳೆದರೆ, ಅವಳ ಕೈಯಲ್ಲಿ ಉಪಾಯವಿರಲಿಲ್ಲ. ಅಂಥ ಬಾಣಂತಿಯನ್ನು ಎತ್ತಿನ ಗಾಡಿಯಲ್ಲಿ ಹುಲ್ಲು ಹಾಸಿ ಮಲಗಿಸಿ ಮಾಲೂರಿನಿಂದಲೋ ಮುಳಬಾಗಿಲಿನಿಂದಲೋ ಶ್ರೀನಿವಾಸಪುರದಿಂದಲೋ ಕೋಲಾರಕ್ಕೆ ಹೊಡೆದುಕೊಂಡು ಬರುವುದೆಂದರೆ ಅದು ಎಷ್ಟು ದೂರದ ಪ್ರಯಾಣವೆಂಬುದನ್ನು ಇಂದು ಮೋಟಾರಿನಲ್ಲಿ ಹೋಗುವವರು ಊಹಿಸಿಕೊಳ್ಳಬೇಕು. ಬಾಸ್ಟನ್ನಿನಿಂದ ಕೋಲಾರಕ್ಕೆ ಬಂದ ವೈದ್ಯಳ ಪ್ರಯಾಣವನ್ನು ನಾವು ಹೊಗಳುತ್ತೇವೆ. ಮುಳಬಾಗಿಲಿನ ಹಳ್ಳಿಯಿಂದ ಕೋಲಾರಕ್ಕೆ ಬಂದ ರೋಗಿಯ ಪ್ರಯಾಣವೂ ಧೈರ್ಯದ ಪ್ರಯಾಣವೇ. ಅಪರಿಚಿತ ಮತದ, ಅಪರಿಚಿತ ಬಣ್ಣದ, ಅಪರಿಚಿತ ನುಡಿಯ ಒಬ್ಬಾಕೆಯ ಕೈಗೆ ತನ್ನ ಪ್ರಾಣವನ್ನು ಒಪ್ಪಿಸಿದವಳು ಅವಳು.

ನುಡಿಯ ಮಾತು ಬಂದಿತು. ಕೋಲಾರ ಸೀಮೆಯಲ್ಲಿ ಸೇವೆ ಮಾಡಬೇಕೆಂದು ಬಂದವರು ಕನ್ನಡವೊಂದನ್ನು ಕಲಿತರೆ ತೀರುವುದಿಲ್ಲ. ಮುಳಬಾಗಿಲು, ಶ್ರೀನಿವಾಸಪುರಗಳ ಕಡೆಯ ಮನೆಗಳಲ್ಲಿ ತೆಲುಗು ಮಾತು ಹೆಚ್ಚು. ಚಿನ್ನದ ಗಣಿಗಳ ಕಡೆ ತಮಿಳು. ಪೇಟೆಯ ಮುಸಲ್ಮಾನರಲ್ಲಿ ದಖನಿ. ನೋವು ಎಲ್ಲಿ, ಎಂದಿನಿಂದ, ಹೇಗೆ ಎಂಬ ಮೂರು ಪ್ರಶ್ನೆಗಳಿಗೆ ರೋಗಿಯು ಕೊಡುವ ಉತ್ತರವನ್ನು ದುಭಾಷಿಯ ಬಾಯಿಂದ ಕೇಳುವುದಕ್ಕೂ ರೋಗಿಯ ಬಾಯಿಂದಲೇ ಕೇಳುವುದಕ್ಕೂ ಅಂತರವಿದೆ. ಹೆಂಗಸರ ವ್ಯಾಧಿಗಳಲ್ಲಂತೂ ಅರ್ಧ ಮಾತು ನಾಚಿಕೆಯಲ್ಲಿ ಉಳಿದುಹೋಗುತ್ತದೆ. ಆ ಅರ್ಧ ಮಾತನ್ನು ಕೇಳಿಸಿಕೊಳ್ಳುವುದಕ್ಕೆ ವರ್ಷಗಳು ಬೇಕು. ನುಡಿಯನ್ನು ಕಲಿತ ಮಿಷನರಿಗಳಿಂದ ನಮಗೆ ಬೇರೆ ಬಗೆಯ ಲಾಭವೂ ಆಗಿರುವುದನ್ನು ತಾವು ಬಲ್ಲಿರಿ. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅವರು ೧೮೪೩ರಲ್ಲಿ ಮಂಗಳೂರ ಸಮಾಚಾರವನ್ನು ಹೊರಡಿಸಿದರು. ೧೮೫೩ರಲ್ಲಿ ಈ ನಾಡಿಗೆ ಬಂದ ಫರ್ಡಿನಾಂಡ್ ಕಿಟೆಲ್ ಅವರ ಕನ್ನಡ ನಿಘಂಟು ಅಚ್ಚಾದುದು ೧೮೯೪ರಲ್ಲಿ. ನಡುವೆ ನಾಲ್ವತ್ತೊಂದು ವರ್ಷ. ಎರಡು ವಾರಗಳ ಪ್ರವಾಸದಲ್ಲಿ ನಿಘಂಟು ಹುಟ್ಟುವುದಿಲ್ಲ.

ಆದರೆ ವೈದ್ಯಳು ಎಷ್ಟು ವರ್ಷ ನಿಂತರೂ ಅವಳು ಒಬ್ಬಳೇ. ಆಕೆ ಕಾಹಿಲೆ ಬಿದ್ದರೆ, ರಜದ ಮೇಲೆ ಸ್ವದೇಶಕ್ಕೆ ಹೋದರೆ, ಆಸ್ಪತ್ರೆಯ ಬಾಗಿಲು ಮುಚ್ಚಬೇಕೇ? ಈ ಪ್ರಶ್ನೆಯೇ ಮಿಷನ್ ವೈದ್ಯದ ದಿಕ್ಕನ್ನು ಬದಲಾಯಿಸಿತು. ಕೋಲಾರದಿಂದ ಬಹು ದೂರವಲ್ಲದ ವೇಲೂರಿನ ನಿದರ್ಶನ ಇದಕ್ಕೆ ಪ್ರಸಿದ್ಧವಾದುದು. ಅಲ್ಲಿ ಡಾಕ್ಟರ್ ಐಡಾ ಸ್ಕಡ್ಡರ್ ಅವರು ೧೯೦೦ರಲ್ಲಿ ಸಣ್ಣದೊಂದು ದವಾಖಾನೆಯಿಂದ ಮೊದಲುಮಾಡಿದರು. ೧೯೦೯ರಲ್ಲಿ ದಾದಿಯರ ಶಿಕ್ಷಣ, ೧೯೧೮ರಲ್ಲಿ ಹೆಂಗಸರಿಗೆ ವೈದ್ಯಶಾಲೆ. ೧೯೪೮ರಲ್ಲಿ ಆ ಸಂಸ್ಥೆಯ ನಿರ್ದೇಶಕರ ಪೀಠಕ್ಕೆ ಬಂದವರು ಭಾರತೀಯ ಮಹಿಳೆ, ಡಾಕ್ಟರ್ ಹಿಲ್ಡಾ ಲಾಜರಸ್. ಇಂದು ಕೋಲಾರ ಜಿಲ್ಲೆಯಿಂದಲೂ ರೋಗಿಗಳು ವೇಲೂರಿನ ದಾರಿ ಹಿಡಿಯುತ್ತಾರೆ. ಕೋಲಾರದ ಆಸ್ಪತ್ರೆಯಲ್ಲಿಯೂ ಈ ಸೀಮೆಯ ಹೆಣ್ಣುಮಕ್ಕಳು ದಾದಿಯರಾಗಿ ತರಬೇತಾದರು. ಹುಡುಗಿಯೊಬ್ಬಳು ಗಾಯ ಕಟ್ಟುವುದನ್ನು, ಜ್ವರ ಅಳೆಯುವುದನ್ನು, ಹೆರಿಗೆಗೆ ನೆರವಾಗುವುದನ್ನು ಕಲಿತು ಸಂಬಳ ತರುವವಳಾದರೆ ಅವಳ ಮನೆಯಲ್ಲಿಯೇ ಒಂದು ಬದಲಾವಣೆ ನಡೆದುಹೋಗುತ್ತದೆ. ಗುಣವಾದ ರೋಗಿಯು ಒಬ್ಬನು. ಕಲಿತ ದಾದಿಯಿಂದ ಗುಣವಾಗುವವರು ಸಾವಿರಾರು.

ಇನ್ನು ಈ ವಿಷಯದ ಕಷ್ಟವಾದ ಭಾಗವನ್ನು ಎತ್ತಿಕೊಳ್ಳಬೇಕು. ಔಷಧದ ಜೊತೆಗೆ ಉಪದೇಶವನ್ನೂ ಕೊಡುವುದು ಸರಿಯೇ? ಮಹಾತ್ಮ ಗಾಂಧಿಯವರು ೧೯೩೧ರಲ್ಲಿ ಯಂಗ್ ಇಂಡಿಯಾ ಪತ್ರಿಕೆಯಲ್ಲಿ ಈ ಪ್ರಶ್ನೆಯನ್ನು ನೇರವಾಗಿ ಎತ್ತಿದರು. ಶಾಲೆ, ಆಸ್ಪತ್ರೆ ಮೊದಲಾದ ಸೇವೆಯನ್ನು ಅವರು ಸ್ವಾಗತಿಸಿದರು. ಆ ಸೇವೆಯನ್ನು ಮತಾಂತರದ ಸಾಧನವಾಗಿ ಮಾಡಿಕೊಳ್ಳುವುದನ್ನು ಒಪ್ಪಲಿಲ್ಲ. ಮರು ವರ್ಷವೇ, ೧೯೩೨ರಲ್ಲಿ, ಅಮೆರಿಕೆಯ ಕ್ರೈಸ್ತರ ಒಳಗಿನಿಂದಲೇ ಹೆಚ್ಚು ಕಡಮೆ ಇದೇ ಮಾತು ಬಂದಿತು. ಹಾರ್ವರ್ಡ್ ವಿಶ್ವವಿದ್ಯಾನಿಲಯದ ತತ್ತ್ವಶಾಸ್ತ್ರಜ್ಞ ವಿಲಿಯಂ ಅರ್ನೆಸ್ಟ್ ಹಾಕಿಂಗ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯು ಹಿಂದೂಸ್ಥಾನ, ಬರ್ಮಾ, ಚೀನಾ, ಜಪಾನುಗಳಲ್ಲಿನ ಮಿಷನ್ ಕೆಲಸವನ್ನು ವಿಮರ್ಶಿಸಿ, ಶಿಕ್ಷಣವೂ ವೈದ್ಯವೂ ತಮ್ಮಷ್ಟಕ್ಕೇ ಬೆಲೆಯುಳ್ಳುವು, ಅವನ್ನು ಮತಪ್ರಚಾರದ ಬಲೆಯನ್ನಾಗಿ ಮಾಡಬಾರದೆಂಬ ಅಭಿಪ್ರಾಯವನ್ನು ಕೊಟ್ಟಿತು. ಆ ವರದಿಯ ಮೇಲೆ ಅಮೆರಿಕೆಯ ಸಭೆಗಳಲ್ಲಿ ದೊಡ್ಡ ಜಗಳವೇ ಎದ್ದಿತು. ನಂಬಿಕೆಯೇ ಇಲ್ಲದಿದ್ದರೆ ಕಡಲು ದಾಟಿ ಬರುತ್ತಿದ್ದವರು ಯಾರು ಎಂದು ಕೆಲವರು ಕೇಳಿದರು. ಈ ಪ್ರಶ್ನೆಯನ್ನೂ ತಳ್ಳಿಹಾಕುವಂತಿಲ್ಲ. ಮನುಷ್ಯನನ್ನು ದೂರಕ್ಕೆ ಕಳುಹಿಸುವುದು ನಂಬಿಕೆ. ಆದರೆ ಹಾಸಿಗೆಯಲ್ಲಿ ಮಲಗಿರುವವನಿಗೆ ಆ ನಂಬಿಕೆಯನ್ನು ಒಪ್ಪಿಕೊಳ್ಳುವ ಸ್ವಾತಂತ್ರ್ಯದಷ್ಟೇ ಒಪ್ಪದಿರುವ ಸ್ವಾತಂತ್ರ್ಯವೂ ಇರಬೇಕು, ಮತ್ತು ಒಪ್ಪದಿದ್ದುದರಿಂದ ಔಷಧವು ಒಂದು ಗುಟುಕೂ ಕಡಮೆಯಾಗಬಾರದು.

ಇನ್ನೊಂದು ಕಷ್ಟವಿದೆ, ಅದನ್ನು ಕುರಿತು ಜನ ಮಾತನಾಡುವುದು ಕಡಮೆ. ದೂರದ ದಾನಿಯಿಂದ ಹಣ ಬರಬೇಕಾದರೆ ಅವನಿಗೆ ಕರುಣೆ ಹುಟ್ಟಬೇಕು. ಕರುಣೆ ಹುಟ್ಟಬೇಕಾದರೆ ಇಲ್ಲಿನವರನ್ನು ದೀನರಾಗಿ ತೋರಿಸಬೇಕು. ಹೀಗೆ ಎಷ್ಟೋ ವರ್ಷ ಪರದೇಶಗಳಿಗೆ ಹೋದ ಪತ್ರಗಳಲ್ಲಿಯೂ ಚಿತ್ರಗಳಲ್ಲಿಯೂ ನಮ್ಮ ನಾಡು ರೋಗಿಗಳ, ಅನಾಥರ, ಅಜ್ಞಾನಿಗಳ ನಾಡಾಗಿಯೇ ಕಾಣಿಸಿತು. ಆ ಚಿತ್ರಗಳು ಸುಳ್ಳಲ್ಲ. ಬರವೂ ಸುಳ್ಳಲ್ಲ, ರೋಗವೂ ಸುಳ್ಳಲ್ಲ. ಆದರೆ ಅದೇ ಸೀಮೆಯಲ್ಲಿ ಒಂದಕ್ಕೊಂದು ಕೂಡಿಸಿ ಕೆರೆಗಳನ್ನು ಕಟ್ಟಿದ ಜಾಣ್ಮೆ, ಶಿವಾರಪಟ್ಟಣದ ಉಳಿಯ ಜಾಣ್ಮೆ ಆ ಚಿತ್ರಗಳಲ್ಲಿ ಎಲ್ಲಿ ಬಂದಿತು? ಸಹಾಯವನ್ನು ಪಡೆಯುವವನಿಗೂ ಒಂದು ವಿದ್ಯೆಯಿದೆ, ಒಂದು ಮಾನವಿದೆ ಎಂಬುದನ್ನು ಬಿಟ್ಟು ಅವನ ಕೊರತೆಯನ್ನು ಮಾತ್ರ ತೋರಿಸಿದಾಗ, ಅವನಿಗೆ ಅನ್ನ ಕೊಟ್ಟು ಮುಖವನ್ನು ಕಸಿದುಕೊಂಡಂತಾಗುತ್ತದೆ.

ಈಗ ಕಾಲ ಬದಲಾಗಿದೆ. ಹಿಂದೆ ಮಿಷನರಿಯು ಹಡಗು ಹತ್ತಿದರೆ ಹಿಂದಿರುಗುವುದು ಎಷ್ಟೋ ವರ್ಷಗಳ ಮೇಲೆ. ಕೆಲವರು ಹಿಂದಿರುಗಲೇ ಇಲ್ಲ. ಇಂದು ವಿಮಾನದಲ್ಲಿ ಹೊರಟು, ಹತ್ತು ಹದಿನೈದು ದಿನ ಬಡವರ ನಡುವೆ ಇದ್ದು, ಗೋಡೆಗೆ ಸುಣ್ಣ ಬಳಿದು, ಮಕ್ಕಳಿಗೆ ಹಾಡು ಕಲಿಸಿ, ಚಿತ್ರ ತೆಗೆಸಿಕೊಂಡು ಹಿಂದಿರುಗುವ ಪ್ರವಾಸಗಳು ಲೋಕದ ಅನೇಕ ಕಡೆ ನಡೆಯುತ್ತಿವೆ. ಹೋಗುವವರು ಬಹುಮಟ್ಟಿಗೆ ಎಳೆಯರು. ಅವರ ಮನಸ್ಸು ಒಳ್ಳೆಯದು. ಆದರೆ ಒಳ್ಳೆಯ ಮನಸ್ಸಿನಿಂದ ಒಳ್ಳೆಯ ಕೆಲಸ ತಾನಾಗಿ ಹುಟ್ಟುವುದಿಲ್ಲ. ೧೯೬೮ರಲ್ಲಿ ಇವಾನ್ ಇಲ್ಲಿಚ್ ಎಂಬ ಪಾದ್ರಿಯು, ಹಾಗೆ ಸೇವೆಗೆಂದು ಹೊರಟಿದ್ದ ಅಮೆರಿಕೆಯ ವಿದ್ಯಾರ್ಥಿಗಳ ಮುಂದೆ ನಿಂತು, ನೀವು ಸೇವೆಗಾಗಿ ಬರುವುದು ಬೇಡ, ನೋಡುವುದಕ್ಕೂ ಕಲಿಯುವುದಕ್ಕೂ ಬನ್ನಿ ಎಂಬ ಭಾವದ ಕಠಿಣವಾದ ಭಾಷಣವನ್ನು ಮಾಡಿದರು. ಅವರ ಮಾತು ಖಾರವಾದುದು, ಅದರಲ್ಲಿ ತಿರುಳಿದೆ. ವಿಮಾನದ ದರದಲ್ಲಿ ಊರಿನ ಗಾರೆಕೆಲಸದವನಿಗೆ ಎಷ್ಟು ದಿನಗಳ ಕೂಲಿಯಾಗುತ್ತಿತ್ತು ಎಂದು ಒಮ್ಮೆ ಲೆಕ್ಕ ಹಾಕಿ ನೋಡಬೇಕು.

ಶಿವಾರಪಟ್ಟಣದ ಶಿಲ್ಪಿಯ ಬಳಿಗೆ ಯಾರಾದರೂ ಹೋಗಿ, ನಾನು ಎರಡು ವಾರ ನಿನಗೆ ಸಹಾಯ ಮಾಡುತ್ತೇನೆ, ಉಳಿ ಕೊಡು ಎಂದರೆ ಅವನು ಏನು ಹೇಳಿಯಾನು? ಕಲ್ಲು ಕೆಟ್ಟುಹೋದೀತು ಸ್ವಾಮಿ, ಕೂತುಕೊಂಡು ನೋಡಿ ಎಂದಾನು. ಕಲ್ಲಿಗೆ ನಾವು ಒಪ್ಪುವ ಈ ನಿಯಮವನ್ನು ಮನುಷ್ಯರಿಗೆ ಏಕೆ ಒಪ್ಪುವುದಿಲ್ಲ?

ಅಲ್ಪಕಾಲದ ಪ್ರವಾಸವೆಲ್ಲ ವ್ಯರ್ಥವೆಂದು ನಾನು ಹೇಳುವುದಿಲ್ಲ. ನುರಿತ ಶಸ್ತ್ರವೈದ್ಯನು ಹತ್ತು ದಿನ ಬಂದು, ಇಲ್ಲಿನ ವೈದ್ಯನಿಗೆ ಒಂದು ಶಸ್ತ್ರಚಿಕಿತ್ಸೆಯ ಕ್ರಮವನ್ನು ಕಲಿಸಿ ಹೋದರೆ ಆ ಹತ್ತು ದಿನ ಹತ್ತು ವರ್ಷ ಫಲ ಕೊಡುತ್ತದೆ. ಅದೇ ಶಸ್ತ್ರವೈದ್ಯನು ತಾನೇ ನೂರು ಶಸ್ತ್ರಚಿಕಿತ್ಸೆಗಳನ್ನು ಮಾಡಿ ಹೊರಟುಹೋದರೆ, ನೂರೊಂದನೆಯವನು ಬಾಗಿಲಲ್ಲಿ ನಿಂತಿರುತ್ತಾನೆ. ಕೋಲಾರ ಸೀಮೆಯ ಇಂದಿನ ಕಷ್ಟವನ್ನೇ ನೋಡಿ. ಕೆರೆಗಳ ನೀರು ಸಾಲದೆ ಜನ ಕೊಳವೆಬಾವಿಗಳನ್ನು ಆಳಕ್ಕೆ, ಮತ್ತಷ್ಟು ಆಳಕ್ಕೆ ಕೊರೆದರು. ಆ ನೀರಿನಲ್ಲಿ ಫ್ಲೋರೈಡಿನ ಅಂಶ ಹೆಚ್ಚಾಗಿ ಹಲ್ಲಿಗೂ ಮೂಳೆಗೂ ಕೇಡು ತಟ್ಟಿತು. ೨೦೧೮ರಿಂದ ಬೆಂಗಳೂರಿನ ಬಳಕೆಯ ನೀರನ್ನು ಶುದ್ಧಿಮಾಡಿ ಕೋಲಾರದ ಕೆರೆಗಳಿಗೆ ಹರಿಸುವ ಏರ್ಪಾಡು ನಡೆಯುತ್ತಿದೆ. ಇಂಥ ಊರಿಗೆ ಯಾರಾದರೂ ನೀರು ಸೋಸುವ ಯಂತ್ರವನ್ನು ದಾನಮಾಡಿ, ರಿಬ್ಬನ್ನು ಕತ್ತರಿಸಿ ಹೋಗಬಹುದು. ಯಂತ್ರ ಕೆಟ್ಟ ದಿನ ಅದನ್ನು ಬಿಚ್ಚಿ ಸರಿಮಾಡುವ ಹುಡುಗ ಆ ಊರಿನಲ್ಲಿ ಇದ್ದಾನೆಯೇ ಎಂಬುದೇ ದಾನದ ನಿಜವಾದ ಪರೀಕ್ಷೆ.

ನಮ್ಮಲ್ಲಿ ಈ ಬದಲಾವಣೆ ಕಾನೂನಿನ ಮೂಲಕವೂ ಆಗಿದೆ. ಪ್ರವಾಸಿಯಾಗಿ ಬಂದ ಪರದೇಶದವನು ಇಲ್ಲಿ ಮಿಷನರಿಯ ಕೆಲಸಮಾಡುವಂತಿಲ್ಲ. ಅದಕ್ಕೆ ಬೇರೆ ರಹದಾರಿ ಬೇಕು. ಪರದೇಶದ ದೇಣಿಗೆಯನ್ನು ೧೯೭೬ರ ಕಾಯಿದೆಯೂ ಅದರ ಸ್ಥಳದಲ್ಲಿ ಬಂದ ೨೦೧೦ರ ಕಾಯಿದೆಯೂ ಹತೋಟಿಯಲ್ಲಿಟ್ಟಿವೆ. ಇದನ್ನು ಸರಿಯೆನ್ನುವವರೂ ಇದ್ದಾರೆ, ತಪ್ಪೆನ್ನುವವರೂ ಇದ್ದಾರೆ. ಆದರೆ ಕಾಯಿದೆಗಿಂತ ಮುಖ್ಯವಾದುದು ಮಿಷನ್ನುಗಳ ಒಳಗೇ ನಡೆದುದು. ೧೯೮೧ರಲ್ಲಿ ನಮ್ಮ ದೇಶದ ಮೆಥಡಿಸ್ಟ್ ಸಭೆಯು ಅಮೆರಿಕೆಯ ಆಡಳಿತದಿಂದ ಬೇರೆಯಾಗಿ ಸ್ವತಂತ್ರವಾಯಿತು. ಕೋಲಾರದ ಆಸ್ಪತ್ರೆಯನ್ನು ನೆನೆಯುವಾಗ ಈ ಅಂಶವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಕಟ್ಟಿದವರು ಹೋದರು, ಆಸ್ಪತ್ರೆ ಉಳಿಯಿತು. ಅದನ್ನು ಉಳಿಸಿದುದು ಇಲ್ಲಿನ ವೈದ್ಯರ, ಇಲ್ಲಿನ ದಾದಿಯರ ಕೈ.

ಹಾಗಾದರೆ ದೂರದಿಂದ ಬಂದ ಸೇವೆಯನ್ನು ಅಳೆಯುವ ಬಗೆ ಯಾವುದು? ಮೂರು ಪ್ರಶ್ನೆಗಳನ್ನು ತಮ್ಮ ಮುಂದೆ ಇಡುತ್ತೇನೆ. ಬಂದವರು ಇಲ್ಲಿನವರ ಮಾತನ್ನು ಕಲಿತರೇ? ಪಡೆದವನು ಬೇಡವೆನ್ನುವುದಕ್ಕೆ ಸ್ವತಂತ್ರನಾಗಿದ್ದನೇ? ಬಂದವರು ಹೋದ ಮೇಲೆ ಕೆಲಸ ನಿಂತಿತೇ, ನಡೆಯಿತೇ? ಕೋಲಾರದ ಕಥೆಯಲ್ಲಿ ಎರಡನೆಯ ಪ್ರಶ್ನೆಗೆ ಉತ್ತರ ಹೇಳುವಾಗ ಸ್ವಲ್ಪ ತಡವರಿಸಬೇಕಾಗುತ್ತದೆ. ಮೂರನೆಯದಕ್ಕೆ ತಲೆಯೆತ್ತಿ ಹೇಳಬಹುದು.

ಈ ಪ್ರಶ್ನೆಗಳು ಪರದೇಶದವರಿಗೆ ಮಾತ್ರವೆಂದು ನಾವು ನಿಶ್ಚಿಂತರಾಗುವಂತಿಲ್ಲ. ಬೆಂಗಳೂರಿನಿಂದ ಮಾಲೂರಿಗೆ ಒಂದು ಹೊತ್ತಿನ ಪ್ರಯಾಣ. ಭಾನುವಾರ ಬೆಳಗ್ಗೆ ಹಣ್ಣು, ಕಂಬಳಿ, ಪುಸ್ತಕಗಳನ್ನು ಮೋಟಾರಿನಲ್ಲಿ ತುಂಬಿಕೊಂಡು ಹಳ್ಳಿಗೆ ಹೋಗಿ, ಹಂಚಿ, ಚಿತ್ರ ತೆಗೆಸಿಕೊಂಡು, ಕತ್ತಲಾಗುವುದರೊಳಗೆ ಮನೆ ಸೇರುವ ನಾಗರಿಕರು ನಾವು. ಆ ಹಳ್ಳಿಯ ಮನೆಯ ಜಗಲಿಯ ಮೇಲೆ ನಿಂತು ನೋಡಿದರೆ, ಬಾಸ್ಟನ್ನಿನಿಂದ ಬಂದವನಿಗೂ ಬಸವನಗುಡಿಯಿಂದ ಬಂದವನಿಗೂ ಬಹಳ ಭೇದ ಕಾಣುವುದಿಲ್ಲ. ಆ ಮನೆಯವರ ಹೆಸರನ್ನು ಕೇಳಿ ತಿಳಿದುಕೊಂಡವರು ನಮ್ಮಲ್ಲಿ ಎಷ್ಟು ಮಂದಿ? ಮತ್ತೆ ಹೋಗಿ ಬಂದವರು ಎಷ್ಟು ಮಂದಿ?

ದೇವರ ವಿಗ್ರಹವನ್ನು ಪ್ರತಿಷ್ಠೆ ಮಾಡುವಾಗ ನೇತ್ರೋನ್ಮೀಲನವೆಂಬ ಒಂದು ಸಂಸ್ಕಾರವುಂಟು. ಅಷ್ಟು ದಿನ ಕಲ್ಲನ್ನು ಕಡೆದ ಶಿಲ್ಪಿಯು ಕೊನೆಯಲ್ಲಿ ಕಣ್ಣಿನ ರೇಖೆಯನ್ನು ತೆರೆದು ಪಕ್ಕಕ್ಕೆ ಸರಿಯುತ್ತಾನೆ. ಅಲ್ಲಿಂದ ಮುಂದೆ ಆ ಮೂರ್ತಿ ಅವನದಲ್ಲ, ಊರಿನದು. ಮಿಷನ್ ಸೇವೆಯ ವಿಷಯದಲ್ಲಿಯೂ ಕಡೆಯುವುದಕ್ಕಿಂತ ಕಷ್ಟವಾದುದು ಹೀಗೆ ಸರಿದು ನಿಲ್ಲುವುದು. ಕೋಲಾರಕ್ಕೆ ಬಂದವರಲ್ಲಿ ಕೆಲವರು ತಡವಾಗಿಯಾದರೂ ಅದನ್ನು ಕಲಿತರು. ನಾವೂ ಕಲಿಯಬೇಕಾಗಿದ್ದರೆ ಅದಕ್ಕಾಗಿ ಕಡಲು ದಾಟಬೇಕಾಗಿಲ್ಲ. ಮಾಲೂರಿನ ದಾರಿಯೇ ಸಾಕು.